ಓದುಗರ ಪ್ರಶ್ನೆ: ಊರು ಮಲಗಿದಾಗ ಎಚ್ಚರ ಇರೋರು ಯಾರು?

ಪ್ರಶ್ನೆ: ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ನಮ್ಮ ದೇಶದ ಗುಪ್ತಚರ ಸಂಸ್ಥೆ ರಾ, ರಾಷ್ಟ್ರೀಯ ಭದ್ರತಾ ಮಂಡಳಿ ಇವೆಲ್ಲ ಮೊನ್ನೆ ಮೊನ್ನೆ ಹುಟ್ಟಿದವು. ಇವನ್ನ ತಿಳಿಯೋಕೆ ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕರನ್ನ ಓದಿ ಅಂತಾರೆ ನಮ್ಮ ಮೇಷ್ಟ್ರು, ಯಾಕ್ರಿ?
ಪದವಿ ವಿದ್ಯಾರ್ಥಿನಿ, ಸಿಂಧನೂರು

ನಿಮ್ಮ ಮೇಷ್ಟ್ರು ಸರಿಯಾಗೇ ಹೇಳ್ಯಾರೆ. 1947ರ ಫೆಬ್ರವರಿಯಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಜಾರ್ಜ್ ಮಾರ್ಷಲ್ ಪ್ರಿನ್ಸ್‌ಟನ್‌ನಲ್ಲಿ ಮಾತಾಡ್ತಾ, ಗ್ರೀಕರ ಅಥೆನ್ಸ್‌ಗೂ ಸ್ಪಾರ್ಟಾಕ್ಕೂ ನಡೆದ ಪೆಲೊಪೊನೀಸಿಯನ್ ಯುದ್ಧ, ಅಥೆನ್ಸ್ ಬಿದ್ದಿದ್ದು ಇವನ್ನ ಒಮ್ಮೆ ಮನಸ್ಸಿಗೆ ತಂದುಕೊಳ್ಳದವರು ಇವತ್ತಿನ ಜಗತ್ತಿನ ಬಗ್ಗೆ ಸರಿಯಾಗಿ ಯೋಚಿಸ್ತಾರಾ ಅನ್ನೋದೇ ಡೌಟು ಅನ್ನೋ ಅರ್ಥದಲ್ಲಿ ಹೇಳಿದ್ರು, ಅದೇ ಜುಲೈಗೆ ನ್ಯಾಷನಲ್ ಸೆಕ್ಯುರಿಟಿ ಆಕ್ಟ್ ಪಾಸಾಗಿ ಸಿಐಎ ಮತ್ತೆ ಅಮೆರಿಕದ ರಾಷ್ಟ್ರೀಯ ಭದ್ರತಾ ಮಂಡಳಿ ಎರಡಕ್ಕೂ ದಾರಿ ಆಯ್ತು. ನಮ್ಮಲ್ಲಿ ರಾ 1968ರಲ್ಲಿ ಶುರುವಾಗಿದ್ದು ಸರ್ಕಾರದ ಆದೇಶದಿಂದ, ಪಾರ್ಲಿಮೆಂಟ್ ಕಾಯ್ದೆಯಿಂದ ಅಲ್ಲ. ಯಾರು ಹುಟ್ಟಿಸಿದ್ರು, ಯಾರಿಗೆ ಲೆಕ್ಕ ಕೊಡಬೇಕು ಅನ್ನೋದು ರಾಜಕೀಯದ ಪ್ರಶ್ನೆ, ಗ್ರೀಕರು ಅದನ್ನ ಜನರ ಮುಂದೆ ಸ್ಟೇಜ್ ಮೇಲೇ ತಂದಿಟ್ರು.

ಅಥೆನ್ಸಿನ ನಾಟಕಕಾರ ಈಸ್ಕಿಲಸ್‌ನ 'ಯೂಮೆನಿಡೀಸ್' ನಾಟಕ ನೋಡ್ರಿ, ಕ್ರಿ.ಪೂ. 458ರದ್ದು. ಅದಕ್ಕೆ ಮೂರ್ನಾಲ್ಕು ವರ್ಷ ಮುಂಚೆ ಎಫಿಯಾಲ್ಟೀಸ್ ಅನ್ನೋ ನಾಯಕ ಅರಿಯೊಪಗಸ್ ಅನ್ನೋ ಹಳೇ ದೊಡ್ಡವರ ಸಭೆಯ ಪವರ್ ಬಹುಪಾಲು ಕಿತ್ತು ಜನರ ಕೈಗೆ ಕೊಟ್ಟಿದ್ದ, ಆಮೇಲೆ ಅವನ ಕೊಲೆನೇ ಆಯ್ತು. ಆ ಬಿಸಿ ಆರೋ ಮುಂಚೆನೇ ನಾಟಕದಲ್ಲಿ ಅಥೀನಾ ದೇವಿ ಬಂದು ಅದೇ ಸಭೆಯನ್ನ ಸ್ಥಾಪನೆ ಮಾಡ್ತಾಳೆ, ಮಲಗಿದವರ ಪರವಾಗಿ ಎಚ್ಚರ ಇರೋ ಕಾವಲು ಇದು, ದುಡ್ಡಿನ ಆಸೆ ಇದಕ್ಕೆ ತಾಕಬಾರದು, ಅರಾಜಕತೆನೂ ಬೇಡ ದಬ್ಬಾಳಿಕೆನೂ ಬೇಡ, ಆದ್ರೆ ಭಯನ ಊರಿಂದ ಪೂರ್ತಿ ಓಡಿಸಬೇಡ್ರಿ ಅಂತಾಳೆ. ತಾಯಿನ ಕೊಂದ ಒರೆಸ್ಟಿಸ್‌ನ ಬೆನ್ನು ಹತ್ತಿ ಬಂದ ಸೇಡಿನ ದೇವತೆಗಳು ಆ ಸಭೆ ಮುಂದೆ ಕೇಸ್ ಸೋತು ಈ ನೆಲನೇ ಹಾಳು ಮಾಡ್ತೀವಿ ಅಂದಾಗ ಅವರನ್ನ ಅಟ್ಟಲ್ಲ, ಊರಲ್ಲೇ ಜಾಗ ಕೊಟ್ಟು ಪೂಜೆ ಕೊಟ್ಟು ಕಾವಲಿಗೆ ಕೂರಿಸ್ತಾಳೆ. ಸಿಟ್ಟಿನ ಊರಮ್ಮನ್ನ ನಂಬಿರೋ ನಮ್ಮ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ.

ಪ್ರಶ್ನೆ: ಭದ್ರತೆ ಹೆಸರಲ್ಲಿ ಅಲ್ಲೂ ಅನ್ಯಾಯ ಆಗಿತ್ತಾ?
ಓದುಗರು, ಕುಷ್ಟಗಿ

ಆಗಿತ್ತು, ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಅದನ್ನ ಮುಚ್ಚಿಡದೆ ಬರೆದಾನೆ. ಕ್ರಿ.ಪೂ. 415ರಲ್ಲಿ ಸಿಸಿಲಿ ಮೇಲೆ ದಂಡು ಹೊರಡೋ ಹೊತ್ತಿಗೆ ಒಂದು ಬೆಳಗ್ಗೆ ಎದ್ದು ನೋಡಿದ್ರೆ ಅಥೆನ್ಸಿನ ಮನೆ ಬಾಗಿಲು, ಗುಡಿಗಳ ಮುಂದಿದ್ದ ಹರ್ಮೀಸ್ ದೇವರ ತಲೆ ಕೆತ್ತಿದ ಕಲ್ಲುಗಳಲ್ಲಿ ಬಹುಪಾಲಿನ ಮುಖ ಒಡೆದು ಹಾಕಿದ್ರು. ಪ್ರಜಾಪ್ರಭುತ್ವ ಉರುಳಿಸೋ ಸಂಚು ಅಂತ ಗುಲ್ಲೆದ್ದು, ಸುಳಿವು ಕೊಟ್ಟವರಿಗೆ ಬಹುಮಾನ ಇಟ್ಟು, ಹೇಳಿದವನು ಎಂಥವನು ಅಂತಲೂ ನೋಡದೆ ಕೆಟ್ಟವರ ಮಾತು ನಂಬಿ ಒಳ್ಳೇ ಜನರನ್ನ ಜೈಲಿಗೆ ಹಾಕಿದ್ರು. ದಂಡಿನ ಜೊತೆ ಹೋಗಿದ್ದ ಸೇನಾಪತಿ ಆಲ್ಸಿಬಯಡೀಸ್‌ನ ವಿಚಾರಣೆಗೆ ಅಂತ ವಾಪಸ್ ಕರೆಸಿದ್ರೆ ಅವನು ತಪ್ಪಿಸಿಕೊಂಡು ಶತ್ರು ಸ್ಪಾರ್ಟಾಕ್ಕೇ ಹೋಗಿ ಸೇರಿಕೊಂಡ. ಊರಿಗೆ ನಿಜವಾಗಿ ಪೆಟ್ಟು ಬಿದ್ದಿದ್ದು ಆ ಹೆದರಿಕೆಯಿಂದ ಅಂತ ನನಗನ್ನಿಸ್ತದೆ.

413ರಲ್ಲಿ ಆ ದಂಡು ನಾಶ ಆದ ಸುದ್ದಿ ಬಂದ ಮೇಲೆ ಹತ್ತು ಜನ ಹಿರಿಯರ ತುರ್ತು ಸಮಿತಿ ಮಾಡಿದ್ರು, ಅದರಲ್ಲಿ ನಾಟಕಕಾರ ಸೊಫೊಕ್ಲಿಸ್‌ನೂ ಇದ್ದ ಅಂತ ಬಹಳ ವಿದ್ವಾಂಸರು ಹೇಳ್ತಾರೆ. ಎರಡೇ ವರ್ಷಕ್ಕೆ, 411ರಲ್ಲಿ, ನಾನೂರು ಜನ ಸೇರಿ ಜನರ ಆಳ್ವಿಕೆನೇ ಕಿತ್ತು ಹಾಕಿದ್ರು, ಅದಕ್ಕೆ ಒಪ್ಪಿಗೆ ಕೊಟ್ಟವರಲ್ಲಿ ಈ ಹಿರಿಯರೂ ಇದ್ರು. ತುರ್ತು ಅಂತ ಕೊಟ್ಟ ಅಧಿಕಾರಕ್ಕೆ ಕೊನೇ ದಿನ ಯಾವುದು ಅಂತ ಮೊದಲೇ ಬರೆಸಿಕೊಳ್ಳಬೇಕು ಅಂತ ನಾನು ಹಠ ಹಿಡಿಯೋದು ಇದಕ್ಕೇ.

ಪ್ರಶ್ನೆ: ನಮ್ಮೂರಲ್ಲಿ ಗಣಿ ದುಡ್ಡು ಯಾರಿಗೆ ಅನ್ನೋ ಮಾತು ನಿಲ್ಲೋದೇ ಇಲ್ಲ. ಆ ಗ್ರೀಕರಿಗೂ ಗಣಿ ಇತ್ತಾ? ಕನ್ನಡದಲ್ಲಿ ಏನು ಓದಬಹುದು?
ಓದುಗರು, ಸಂಡೂರು

ಇತ್ತು. ಅಥೆನ್ಸಿನ ಸೀಮೆಯ ಲಾರಿಯನ್‌ನಲ್ಲಿ ಬೆಳ್ಳಿ ಸಿಕ್ಕಾಗ ತಲೆಗೆ ಹತ್ತು ದ್ರಾಕ್ಮಾ (ಬೆಳ್ಳಿ ನಾಣ್ಯ) ಹಂಚೋಣ ಅನ್ನೋ ಮಾತು ನಡೆದಿತ್ತು, ಥೆಮಿಸ್ಟಾಕ್ಲಿಸ್ ಅನ್ನೋ ನಾಯಕ ಜನರನ್ನ ಒಪ್ಪಿಸಿ 200 ಹಡಗು ಕಟ್ಟಿಸೋ ಕಡೆ ತಿರುಗಿಸಿದ ಅಂತ ಇತಿಹಾಸಕಾರ ಹೆರೊಡೊಟಸ್ ಬರೀತಾನೆ. ಕ್ರಿ.ಪೂ. 480ರಲ್ಲಿ ಸಲಾಮಿಸ್ ದ್ವೀಪದ ಹತ್ರ ಪರ್ಷಿಯಾದ ನೌಕಾಪಡೆ ಸೋತಿದ್ದಕ್ಕೆ ಆ ಹಡಗುಗಳೇ ಮುಖ್ಯ ಕಾರಣ. ಗಣಿ ಒಳಗೆ ಇಳಿದು ದುಡಿದಿದ್ದು ಗುಲಾಮರು, ಅದನ್ನೂ ಮರೀಬಾರದು.

ಕನ್ನಡದಲ್ಲಿ ಬಿ.ಎಂ.ಶ್ರೀ ಅವರ 'ಪಾರಸಿಕರು' ಹುಡುಕ್ರಿ, ಈಸ್ಕಿಲಸ್‌ನ ನಾಟಕ ಅದು. ಅದರಲ್ಲಿ ಶತ್ರು ದೇಶ ಪರ್ಷಿಯಾದ ರಾಣಿ ಅಥೆನ್ಸಿನವರ ಸಂಪತ್ತೇನು ಅಂತ ಕೇಳಿದ್ರೆ ಅವರ ನೆಲದಲ್ಲಿ ಬೆಳ್ಳಿಯ ಊಟೆ ಐತೆ ಅನ್ನೋ ಉತ್ತರ ಬರ್ತದೆ, ಅವರ ಒಡೆಯ ಯಾರು ಅಂದ್ರೆ ಅವರು ಯಾರ ಆಳೂ ಅಲ್ಲ ಅಂತ.