ಮಟ್ಟು ಒಂದೇ, ಗಂಟಲು ಹತ್ತಾರು

ಪ್ರಶ್ನೆ: ಸರ್, ಮೈಸೂರಲ್ಲಿ ಫ್ರೆಂಡ್ ರೂಮಲ್ಲಿ ಜಮೈಕಾದ ಗಾಯಕ ಶಾನ್ ಪಾಲ್‌ದು 'ಗೆಟ್ ಬಿಸಿ' ಕೇಳ್ತಿದ್ವಿ, ಆಮೇಲೆ ವೇಯ್ನ್ ವಂಡರ್‌ದು 'ನೋ ಲೆಟಿಂಗ್ ಗೋ' ಬಂತು. ಎರಡಕ್ಕೂ ಮ್ಯೂಸಿಕ್ ಒಂದೇ, ಚಪ್ಪಾಳೆನೂ ಅದೇ! ಯಾರು ಯಾರದ್ದು ಕದ್ದಿದ್ದು?
- ಓದುಗರು, ಮದ್ದೂರು

ಉತ್ತರ: ಯಾರೂ ಕದ್ದಿಲ್ಲ. ನೀವು ಕೇಳಿದ್ದು 'ದಿವಾಲಿ' ಅನ್ನೋ ರಿಡಿಮ್. ಡ್ರಮ್ಮು, ಬೇಸು, ಚಪ್ಪಾಳೆ ಎಲ್ಲಾ ಸೇರಿಸಿ ಮೊದಲೇ ರೆಡಿ ಮಾಡಿಟ್ಟ ಮ್ಯೂಸಿಕ್ಕಿಗೆ ಜಮೈಕಾದವರು ರಿಡಿಮ್ ಅಂತಾರೆ, ಅದಕ್ಕೊಂದು ಹೆಸರಿಡ್ತಾರೆ, ಆಮೇಲೆ ಬೇರೆ ಬೇರೆ ಕಲಾವಿದರು ಬಂದು ಅದರ ಮೇಲೆ ತಮ್ಮ ತಮ್ಮ ಹಾಡು ಹಾಡಿ ಹೋಗ್ತಾರೆ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸೋ ಹಾರ್ಮೋನಿಯಂ ಮೇಷ್ಟ್ರು ಒಂದೇ ಮಟ್ಟಿಗೆ ಭೀಮಂಗೊಂದು ಪದ, ದುರ್ಯೋಧನಂಗೊಂದು ಪದ ಕೂರಿಸ್ತಾರಲ್ಲ, ಅದನ್ನ ನಾವು ಕಳ್ತನ ಅಂತೀವಾ? ಒಂದೇ ವ್ಯತ್ಯಾಸ ಅಂದ್ರೆ ಜಮೈಕಾದಲ್ಲಿ ಹಾಡೋನು ಪದದ ಜೊತೆ ರಾಗನೂ ತಾನೇ ಕಟ್ಕೋಬೇಕು, ತಾಳ ಮಾತ್ರ ಎಲ್ಲರಿಗೂ ಒಂದೇ.

ಈ ದಿವಾಲಿ ರಿಡಿಮ್ ಮಾಡಿದ್ದು ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್. ದಯವಿಟ್ಟು ಈ ಹೆಸರು ನೆನಪಲ್ಲಿಟ್ಕೊಳ್ಳಿ, ಹಾಡಿದವರ ಹೆಸರು ಎಲ್ಲರಿಗೂ ಗೊತ್ತು, ಮಾಡಿದವನನ್ನ ಕೇಳೋರಿಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರು. 2002ರಲ್ಲಿ ಗ್ರೀನ್‌ಸ್ಲೀವ್ಸ್ ಅನ್ನೋ ರೆಕಾರ್ಡ್ ಕಂಪನಿ ಇದೊಂದೇ ರಿಡಿಮ್ ಮೇಲಿನ ಹಾಡುಗಳನ್ನ ಸೇರಿಸಿ ಪೂರ್ತಿ ಆಲ್ಬಮ್ಮೇ ತಂತು, 2003ರಲ್ಲಿ 'ಗೆಟ್ ಬಿಸಿ' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಲಿ ನಂಬರ್ 1 ಆಯ್ತು. ಅದೇ ವರ್ಷ ನ್ಯೂಯಾರ್ಕಿನ ಹುಡುಗಿ ಲುಮಿಡಿ ಇದೇ ರಿಡಿಮ್ ಮೇಲೆ ಹಾಡಿದ್ದೂ ಹಿಟ್. ಶಾನ್ ಪಾಲ್ ತಾಳದ ಬೆನ್ನು ಹತ್ತಿ ಓಡ್ತಾನೆ, ವೇಯ್ನ್ ವಂಡರ್ ಅದೇ ತಾಳದ ಮೇಲೆ ಆರಾಮಾಗಿ ತೇಲ್ತಾನೆ, ಎಲಿಫೆಂಟ್ ಮ್ಯಾನ್ ಕೂಗಾಡ್ತಾನೆ. ಆದ್ರೆ ನನ್ನ ಮನಸ್ಸಲ್ಲಿ ಉಳಿದಿರೋದು ಬೌಂಟಿ ಕಿಲ್ಲರ್‌ನ 'ಸಫರರ್', ಕುಣಿಸೋ ಅದೇ ಚಪ್ಪಾಳೆ ಮೇಲೆ ಬಡವರ ಕಷ್ಟ ಹೇಳ್ಕೋತಾನೆ, ಮೈ ಜುಂ ಅನ್ನತ್ತೆ. ಇವನ್ನೆಲ್ಲಾ ಬಿಡಿಬಿಡಿಯಾಗಿ ಕೇಳ್ಬೇಡಿ, ಜಮೈಕಾದಲ್ಲಿ ರೆಕಾರ್ಡ್ ಹಾಕೋನು (ಅವನಿಗೆ ಸೆಲೆಕ್ಟರ್ ಅಂತಾರೆ, ಡೀಜೆ ಅಂದ್ರೆ ಅಲ್ಲಿ ಮೈಕ್ ಹಿಡಿದು ಹಾಡೋನು) ತಾಳ ನಿಲ್ಲಿಸ್ದೆ ಒಂದರ ಹಿಂದೊಂದು ಹಾಕ್ತಾನೆ, ನೀವೂ ಹಂಗೇ ಕೇಳಿ.

ಪ್ರಶ್ನೆ: ಆ ದಿವಾಲಿ ನಮ್ಮ ದೀಪಾವಳಿನೇನಾ?
- ಕಾಲೇಜ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹೂಂ, ಹೆಸರು ನಮ್ಮ ಹಬ್ಬದ್ದೇ. ಜಮೈಕಾಗೂ ನಮ್ಮ ದೇಶಕ್ಕೂ ನಂಟು ಹಳೇದಮ್ಮ. 1845ರಿಂದ 1917ರವರೆಗೆ ಸುಮಾರು 36,000 ಜನ ಭಾರತೀಯರನ್ನ ಬ್ರಿಟಿಷರು ಕೂಲಿ ಕರಾರಿನ ಮೇಲೆ ಹಡಗಲ್ಲಿ ಅಲ್ಲಿಗೆ ಸಾಗಿಸಿದ್ರು, ತುಂಬಾ ಜನ ಹೋಗಿ ಸೇರಿದ್ದು ಕಬ್ಬಿನ ತೋಟಕ್ಕೆ. ಕಬ್ಬು ಕಡಿಯೋ ಕಷ್ಟ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಪ್ರಶ್ನೆ: ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ, ಹಳೇ ಕ್ಯಾಸಿಯೋ ಒಂದಿದೆ, ಅದ್ರಲ್ಲಿ ರಿಡಿಮ್ ಆಗತ್ತಾ?
- ಓದುಗರು, ಮಂಡ್ಯ

ಉತ್ತರ: ಧಾರಾಳವಾಗಿ ಆಗತ್ತೆ. 1985ರಲ್ಲಿ ಜಮೈಕಾದ ಸಂಗೀತ ನಿರ್ಮಾಪಕ ಕಿಂಗ್ ಜ್ಯಾಮಿ ಮಾಡಿದ 'ಸ್ಲೆಂಗ್ ಟೆಂಗ್' ರಿಡಿಮ್ ಹುಟ್ಟಿದ್ದೇ ಕ್ಯಾಸಿಯೋ ಎಂಟಿ-40 ಒಳಗಿದ್ದ ಒಂದು 'ರಾಕ್' ರಿದಮ್‌ನಿಂದ, ಅದನ್ನ ಸ್ಪೀಡ್ ಇಳಿಸಿ ಬಳಸಿದ್ರು. ಆ ರಿದಮ್ ಕೂರಿಸಿದ್ದು ಕ್ಯಾಸಿಯೋದಲ್ಲಿ ಕೆಲ್ಸ ಮಾಡ್ತಿದ್ದ ಒಕುಡಾ ಹಿರೋಕೋ ಅನ್ನೋ ಜಪಾನಿ ಹೆಣ್ಣುಮಗಳು. ಅದರ ಮೇಲೆ ಮೊದಲು ವೇಯ್ನ್ ಸ್ಮಿತ್ ಹಾಡಿದ, ಟೆನರ್ ಸಾ ಹಾಡಿದ, ಜಾನಿ ಓಸ್‌ಬೋರ್ನ್ ಹಾಡಿದ. ನೀವೂ ರಿದಮ್ ಬಟನ್ ಒತ್ತಿ ಟೆಂಪೋ ಇಳಿಸ್ತಾ ಹೋಗಿ, ಎಲ್ಲೋ ಒಂದು ಕಡೆ ತಲೆ ತಾನಾಗೇ ತೂಗತ್ತೆ, ಅಲ್ಲಿಗೆ ನಿಲ್ಸಿ ನಿಮ್ಮ ಟ್ರೂಪಿನ ನಾಲ್ಕು ಜನರ ಕೈಲಿ ನಾಲ್ಕು ಬೇರೆ ಪದ ಹಾಡ್ಸಿ, ರೆಕಾರ್ಡ್ ಮಾಡಿ ನನಗೂ ಕಳಿಸಿ.