ಹಳೆಯ ಕ್ಯಾಸೆಟ್‌ನಲ್ಲಿ ರೋಡ್‌ಶೋ ಲಾಂಛನವಿದೆ, ಆನ್‌ಲೈನ್ ಪ್ರತಿಯಲ್ಲಿ ಏಕಿಲ್ಲ?

ನಿಮ್ಮ ಆಸ್ಟ್ರೇಲಿಯಾ ವಿಡಿಯೊ ಕ್ಯಾಸೆಟ್‌ನಲ್ಲಿ ಚಿತ್ರದ ಮೊದಲು ಕಾಣುವುದು ಬಹುಶಃ ಅಲ್ಲಿನ ವಿತರಕ ಸಂಸ್ಥೆ ರೋಡ್‌ಶೋದ ಲಾಂಛನ. ಆ ದೇಶದ ಪ್ರತಿಗೆ ಮಾತ್ರ ಅಂಟಿಸಿದ್ದು. ಆನ್‌ಲೈನ್ ಪ್ರತಿ ಬಹುಶಃ ನಿರ್ಮಾಪಕರ ಮೂಲದಿಂದ ಬಂದಿದೆ, ಹಾಗಾಗಿ ಅದಿಲ್ಲ. ಚಿತ್ರವನ್ನು ಯಾರೂ ಕತ್ತರಿಸಿಲ್ಲ.

ಮೊದಲು ಲಾಂಛನದಲ್ಲಿರುವ ಹೆಸರನ್ನು ಪೂರ್ತಿ ಓದಿ. 'ರೋಡ್‌ಶೋ ಹೋಮ್ ವಿಡಿಯೊ' ಎಂದಿದ್ದರೆ ಅದು ಕ್ಯಾಸೆಟ್ ವಿತರಣೆಯ ಗುರುತು. 'ವಿಲೇಜ್ ರೋಡ್‌ಶೋ ಪಿಕ್ಚರ್ಸ್' ಎಂದಿದ್ದರೆ ಕಥೆಯೇ ಬೇರೆ: ಅದು ನಿರ್ಮಾಣದಲ್ಲಿ ಪಾಲುದಾರ, 1999ರ 'ದಿ ಮ್ಯಾಟ್ರಿಕ್ಸ್' ಆರಂಭದಲ್ಲಿ ಹಾಲಿವುಡ್ ಸಂಸ್ಥೆ ವಾರ್ನರ್ ಬ್ರದರ್ಸ್ ಲಾಂಛನದ ಜೊತೆ ಕಾಣುವುದು ಅದೇ. ಅಂಥ ಲಾಂಛನ ಚಿತ್ರದ ಭಾಗವಾದ್ದರಿಂದ ಎಲ್ಲ ದೇಶಗಳ ಪ್ರತಿಯಲ್ಲೂ ಸಾಮಾನ್ಯವಾಗಿ ಉಳಿಯುತ್ತದೆ. ಎರಡರ ಬೇರೂ ಒಂದೇ. 1954ರಲ್ಲಿ ರಾಕ್ ಕರ್ಬಿ ಮೆಲ್ಬರ್ನ್‌ನಲ್ಲಿ ತೆರೆದ, ಕಾರಿನಲ್ಲೇ ಕುಳಿತು ನೋಡುವ ಬಯಲು ಚಿತ್ರಮಂದಿರ. ಗೊಂದಲ ಸಹಜ.

ಬಳಿಕ ಕ್ಯಾಸೆಟ್‌ನ ಕಾಲ ತಿಳಿಯಲು ಹೊದಿಕೆಯ ವರ್ಗೀಕರಣ ಚಿಹ್ನೆ, ಅಂದರೆ ಚಿತ್ರ ಯಾವ ವಯಸ್ಸಿನವರಿಗೆ ಎಂಬ ಆಸ್ಟ್ರೇಲಿಯಾದ ಗುರುತು, ನೋಡಿ. 'ಪಿಜಿ' ಇದ್ದರೆ 1984 ಅಥವಾ ನಂತರದ್ದು. 'ಎಂಎ' ಇದ್ದರೆ 1993 ಅಥವಾ ನಂತರದ್ದು. ಹೊದಿಕೆಯ ಹಕ್ಕುಸ್ವಾಮ್ಯದ ವರ್ಷವನ್ನು ನೆಚ್ಚಬೇಡಿ, ಅದು ಹೆಚ್ಚಾಗಿ ಚಿತ್ರದ್ದೇ ಆಗಿರುತ್ತದೆ.

ಕ್ಯಾಸೆಟ್ ನೋಡದೆ ನಾನು ನಿಖರ ವರ್ಷ ಹೇಳಲಾರೆ. ಲಾಂಛನ ಮತ್ತು ಹೊದಿಕೆಯ ಹಿಂಬದಿಯ ಚಿತ್ರಗಳನ್ನು ಇಲ್ಲಿ ಹಾಕಿ. ಡಿಜಿಟಲ್‌ಗೆ ಪರಿವರ್ತಿಸುವುದಾದರೆ ಆರಂಭದ ಆ ಕ್ಷಣಗಳನ್ನು ದಯವಿಟ್ಟು ಕತ್ತರಿಸಬೇಡಿ.