ಆಷಾಢದ ಭಾನುವಾರಕ್ಕೆ ಗಾಳಿಪಟ ಮಾಡಿಸಿ

ನಮಸ್ಕಾರ. 6 ಮತ್ತು 9 ವರ್ಷದ ಮಕ್ಕಳಿಗೆ ಮೊಬೈಲ್ ಕೊಡದೆ ಆಷಾಢದ ಒಂದು ಭಾನುವಾರ ಕಳೆಯೋದು ಹೇಗೆ ಅಂತ ಕೇಳಿದ್ದೀರಿ. ಬೆಳಿಗ್ಗೆ ಗಾಳಿಪಟ ಮಾಡಿ, ಸಂಜೆ ಹಾರಿಸಿ. ಈ ಗಾಳಿ ಮತ್ತೆ ಸಿಗಲ್ಲ. ದೊಡ್ಡಬಳ್ಳಾಪುರದಲ್ಲಿ ಗಾಳಿಪಟ ಸ್ಪರ್ಧೆ ನಡೆಯೋದೂ ಆಷಾಢದಲ್ಲೇ ಅಲ್ವಾ?

ಅಂಗಡಿಯದು ಬೇಡ. ಹಳೇ ಪೇಪರನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಿ. ತೆಂಗಿನ ಪೊರಕೆಯಿಂದ ಎರಡು ಕಡ್ಡಿ ತೆಗೆಯಿರಿ. ಒಂದನ್ನು ಮೂಲೆಯಿಂದ ಮೂಲೆಗೆ ನೇರವಾಗಿ ಇಡಿ, ಇನ್ನೊಂದನ್ನು ಉಳಿದೆರಡು ಮೂಲೆಗೆ ಬಿಲ್ಲಿನ ಹಾಗೆ ಬಗ್ಗಿಸಿ. ಅಂಟಿಗೆ ಮೈದಾ ಗಂಜಿ, ಇಲ್ಲಾಂದ್ರೆ ಮೆತ್ತಗಿನ ಅನ್ನ ಸಾಕು. ಚಿಕ್ಕವರಿಗೆ ಅನ್ನ ಹಿಸುಕಿ ಹಚ್ಚೋದೇ ದೊಡ್ಡ ಸಂಭ್ರಮ, ಅವರಿಗೇ ಬಿಟ್ಟುಬಿಡಿ.

ಸೂತ್ರ, ಅಂದ್ರೆ ಹಾರಿಸೋ ದಾರವನ್ನು ಪಟಕ್ಕೆ ಸೇರಿಸೋ ಎರಡೆಳೆ ದಾರ, ಅದನ್ನು ಮಾತ್ರ ನೀವೇ ಕಟ್ಟಿ. ಕಡ್ಡಿಗಳು ಸೇರುವ ಕಡೆ ಒಂದು ಗಂಟು, ನೇರ ಕಡ್ಡಿಯ ಕೆಳಭಾಗದಲ್ಲಿ ಇನ್ನೊಂದು. ಮೇಲಿನ ದಾರ ಸ್ವಲ್ಪ ಗಿಡ್ಡ ಇರಲಿ. ಪಟ ಗಿರಗಿರ ಸುತ್ತಿ ಬಿದ್ದರೆ ಬಾಲಂಗೋಚಿ ಸಾಲದು ಅಂತ ಅರ್ಥ. ಹಳೇ ಸೀರೆಯ ಅಂಚು ಇನ್ನೊಂದು ಗೇಣು ಸೇರಿಸಿ. ನನ್ನ ಮಗಳ ಪಟ ಮೂರು ಸಲ ಬಿತ್ತು, ನಾಲ್ಕನೇ ಸಲ ಎದ್ದಾಗ ದಾರ ಅವಳ ಬೆರಳಲ್ಲಿ ಝುಮ್ಮೆಂದಿತು. ಅವಳ ಮುಖ ಇನ್ನೂ ಕಣ್ಣ ಮುಂದಿದೆ.

ದಾರ ಹತ್ತಿಯದೇ ಇರಲಿ. ನೈಲಾನ್ ದಾರ ಮತ್ತು ಗಾಜಿನ ಪುಡಿ ಹಚ್ಚಿದ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಹಕ್ಕಿಗಳ ರೆಕ್ಕೆ, ಬೈಕ್ ಸವಾರರ ಕುತ್ತಿಗೆ ಕುಯ್ಯುತ್ತೆ. ಮಹಡಿ ಮೇಲೆ ಬೇಡ, ಕರೆಂಟ್ ತಂತಿ ಇಲ್ಲದ ಬಯಲಿಗೆ ಹೋಗಿ. ಜೊತೆಗೆ ಒಂದು ಡಬ್ಬಿ ಚಿತ್ರಾನ್ನ ಇಟ್ಟುಕೊಳ್ಳಿ, ಓಡಾಡಿ ಜಾಸ್ತಿ ಹಸಿವಾಗುತ್ತೆ.